ಬೇಲಿಯೇ ಹೊಲ ಮೇಯ್ದರೆ ಡಾಕ್ಟರಿಗೆ ಹೇಳುವುದು ಹ್ಯಾಂಗ?

ಸೇಡಂ: ಹೊತ್ತು ಮೂಡುವ ಮುಂಚೆ ಎದ್ದು ರೊಟ್ಟಿ ಬಡಿಯುವ ಕೈ ಒಂದು ದಿನ ಮಾತು ಕೇಳುವುದಿಲ್ಲ. ಬೆರಳು ಮಡಚುವುದಿಲ್ಲ, ಮಡಚಿದರೆ ಬಿಚ್ಚುವುದಿಲ್ಲ. ಬಿಸಿಲು ಏರಿದ ಮೇಲೆ ತುಸು ಹಗುರಾಗುತ್ತದೆ. ಅಷ್ಟರಲ್ಲಿ ಮನೆಯವರ ತೀರ್ಪು ಹೊರಬಿದ್ದಿರುತ್ತದೆ: "ಗುನ್ಯಾ ಇರಬೇಕು ಬಿಡು, ತಾನೇ ಹೋಗ್ತದ."

ಹೋಗುವುದಿಲ್ಲ. ತಿಂಗಳು ಎರಡಾಗುತ್ತದೆ, ಮೂರಾಗುತ್ತದೆ. ಊರಲ್ಲೇ ಒಂದು ಸೂಜಿ, ಔಷಧದಂಗಡಿಯ ಗುಳಿಗೆ, ಯಾರೋ ಹೇಳಿದ ಪುಡಿ ಎಲ್ಲ ಮುಗಿಯುತ್ತವೆ. ಆಮೇಲೆ ವಾಡಿ, ಚಿತ್ತಾಪುರ, ಸೇಡಂ ಮಂದಿ ಹೈದರಾಬಾದಿನ ರೈಲು ಹತ್ತುತ್ತಾರೆ. ಶಹಾಬಾದಿನವರು ಕಲಬುರಗಿಗೋ ಸೊಲ್ಲಾಪುರಕ್ಕೋ ಹೊರಡುತ್ತಾರೆ. ರೈಲೇ ಇಲ್ಲದ ಚಿಂಚೋಳಿಯವರಿಗೆ ಬಸ್ಸೇ ಗತಿ. ಕೈಯಲ್ಲೊಂದು ಕ್ಯಾರಿಬ್ಯಾಗು, ಒಳಗೆ ಮುದ್ದೆಯಾದ ಎರಡು ಚೀಟಿ. ಉಳಿದವು ಎಲ್ಲಿ? "ಎಲ್ಲಿ ಹೋದವೋ ಏನೋ ರೀ ಸಾಹೇಬ್ರ!"

ಅಲ್ಲಿಗೆ ಎಲ್ಲ ಮತ್ತೆ ಮೊದಲಿನಿಂದ.

ಎಲ್ಲಕ್ಕೂ ಗುನ್ಯಾ ಹೆಸರು

ಗುನ್ಯಾ ಎನ್ನುವವರದು ಪೂರ್ತಿ ತಪ್ಪಲ್ಲ. 2005-06ರಲ್ಲಿ ಚಿಕುನ್‌ಗುನ್ಯಾ ದೇಶಕ್ಕೆ ಮರಳಿ ಬಂದಾಗ ಆಗಿನ ಗುಲ್ಬರ್ಗಾ ಜಿಲ್ಲೆ ಚೆನ್ನಾಗಿಯೇ ಪೆಟ್ಟು ತಿಂದಿತು. ಜ್ವರ ಬಿಟ್ಟರೂ ಕೀಲುನೋವು ಬಿಡಲಿಲ್ಲ. ಕೆಲವರಿಗೆ ಅದು ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಆದರೆ ಅಂದಿನಿಂದ ಯಾವ ಕೀಲು ನೋಯ್ದರೂ ಅದೇ ಹೆಸರು ಹಚ್ಚುವ ರೂಢಿ ಬಿತ್ತು. ಜ್ವರವೇ ಬರದವರಿಗೂ ಗುನ್ಯಾ!

ಈ ಹೆಸರಿನ ಮರೆಯಲ್ಲಿ ಇನ್ನೊಂದು ಜಾತಿಯ ಬೇನೆ ಅಡಗಿ ಕೂತಿರುತ್ತದೆ. ಹೊರಗಿನ ರೋಗಾಣುವನ್ನು ತಡೆಯಬೇಕಾದ ದೇಹದ ಕಾವಲು ಪಡೆ ತನ್ನ ದೇಹದ ಮೇಲೆಯೇ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಡಾಕ್ಟರರು ಇದನ್ನು ಆಟೋಇಮ್ಯೂನ್ ಎನ್ನುತ್ತಾರೆ. ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಚರ್ಮ, ಕೀಲು, ಮೂತ್ರಪಿಂಡ ಎಲ್ಲಕ್ಕೂ ಬಾಯಿ ಹಾಕಿದರೆ ಲೂಪಸ್. ಸ್ನಾಯುಗಳ ಮೇಲೆ ಬಿದ್ದರೆ ಮಯೋಸೈಟಿಸ್. ತೆಲುಗು ನಟಿ ಸಮಂತಾ 2022ರಲ್ಲಿ ತಮಗಿದೆ ಎಂದು ತಾವೇ ಬಹಿರಂಗವಾಗಿ ಹೇಳಿಕೊಂಡದ್ದು ಇದನ್ನೇ.

ಬೇನೆ ಅವಳದು, ಮಾತು ಅವನದು

ಲೂಪಸ್ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ರುಮಟಾಯ್ಡ್ ಸಂಧಿವಾತ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಆದರೆ ದವಾಖಾನೆಯಲ್ಲಿ ಮಾತಾಡುವವರು ಯಾರು? ಜೊತೆಗೆ ಬಂದ ಗಂಡ, ಇಲ್ಲವೆ ಮಗ. "ಏನಾಗ್ಯಾದ?" ಎಂದು ಡಾಕ್ಟರು ಕೇಳಿದರೆ, "ಮೈಕೈ ನೋವು ಅಂತಾಳ್ರಿ" ಎಂಬ ಉತ್ತರ. ಮುಂಜಾನೆ ಎಷ್ಟು ಹೊತ್ತು ಕೈ ಬಿಗಿ ಹಿಡಿಯುತ್ತದೆ ಎಂಬುದು ಅವನಿಗೇನು ಗೊತ್ತು? ರೊಟ್ಟಿ ಬಡಿಯುವವಳು ಅವಳು.

ಸಂಧಿವಾತದ ಮುಖ್ಯ ಗುರುತೇ ಅದು. ದಿನವೆಲ್ಲ ದುಡಿದು ಸಂಜೆಗೆ ಬರುವ ನೋವು ಬೇರೆ. ಮಲಗಿ ಎದ್ದಾಗ ಅರ್ಧ ತಾಸು, ಒಂದು ತಾಸು ಬೆರಳು ಸೆಟೆದುಕೊಳ್ಳುವುದು ಬೇರೆ. ಎರಡೂ ಕೈಯ ಸಣ್ಣ ಕೀಲುಗಳು ಬಾತು, ಆರು ವಾರ ದಾಟಿದರೂ ಇಳಿಯದಿದ್ದರೆ "ವಯಸ್ಸಾತು", "ಮನಸ್ಸಿಗೆ ಹಚ್ಕೊಂಡಾಳ" ಎಂದು ಕೈಬಿಡುವ ಹಾಗಿಲ್ಲ. ಬಿಸಿಲಿಗೆ ಮುಖ ಕೆಂಪೇರುವುದು, ಬಾಯಿಹುಣ್ಣು, ವಿಪರೀತ ಕೂದಲುದುರುವುದು, ಬಿಟ್ಟುಬಿಟ್ಟು ಬರುವ ಜ್ವರ ಇವೂ ಇದ್ದರೆ ಒಂದನ್ನೂ ನುಂಗಿಕೊಳ್ಳದೆ ಹೇಳಬೇಕು. ತಡವಾದಷ್ಟೂ ನಷ್ಟ ರೋಗಿಗೇ. ಕೀಲು ಸವೆಯುವುದು ಮೊದಲ ಒಂದೆರಡು ವರ್ಷದಲ್ಲೇ ಶುರುವಾಗುತ್ತದೆ, ಸೊಟ್ಟಗಾದ ಬೆರಳು ಗುಳಿಗೆಯಿಂದ ನೆಟ್ಟಗಾಗುವುದಿಲ್ಲ.

ಅಂಗಡಿಯವರ ವಹಿ

ಉದ್ರಿ ಕೊಟ್ಟ ಅಂಗಡಿಯವನು ವಹಿ ಬಿಸಾಡುತ್ತಾನೆಯೇ? ಬೇನೆಗೂ ಒಂದು ವಹಿ ಬೇಕು. ಮೂವತ್ತು ರೂಪಾಯಿಯ ನೋಟ್‌ಬುಕ್ ಸಾಕು. ಯಾವತ್ತು ಶುರುವಾಯಿತು, ಯಾವ ಕೀಲು, ಮುಂಜಾನೆ ಎಷ್ಟು ಹೊತ್ತು, ಯಾವ ಗುಳಿಗೆಗೆ ತಗ್ಗಿತು, ಬಿಟ್ಟಾಗ ಏನಾಯಿತು. ಬಾವು, ಕೆಂಪು ಗುಳ್ಳೆ ಕಂಡ ದಿನವೇ ಮೊಬೈಲಿನಲ್ಲಿ ಫೋಟೋ. ಡಾಕ್ಟರ ಮುಂದೆ ಕೂತ ದಿನ ಬಾವು ಇಳಿದಿರಬಹುದು, ಫೋಟೋ ಸುಳ್ಳು ಹೇಳುವುದಿಲ್ಲ. ಓದಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಟ್ಟರಾಯಿತು. ಹಳೆಯ ಚೀಟಿ, ರಕ್ತದ ರಿಪೋರ್ಟು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇರಲಿ.

ಡಾಕ್ಟರರನ್ನು ದೂರಿ ಫಲವಿಲ್ಲ. ಅವರ ಬಾಗಿಲಲ್ಲಿ ಉದ್ದ ಸಾಲು. ಸಿಕ್ಕ ಐದು ನಿಮಿಷದಲ್ಲಿ ವಹಿ ಮಾತಾಡುವಷ್ಟು ಬಾಯಿ ಮಾತಾಡುವುದಿಲ್ಲ.

ರಿಪೋರ್ಟಿನ ಮಾತೂ ಅಷ್ಟೇ. "ಆರ್.ಎ. ಫ್ಯಾಕ್ಟರ್ ನೆಗೆಟಿವ್ ಅದ, ಏನಿಲ್ಲ" ಎಂದು ಮನೆಗೆ ಹೋದವರುಂಟು. ಸಂಧಿವಾತ ಇದ್ದ ಐವರಲ್ಲಿ ಒಬ್ಬರಿಗಾದರೂ ಅದು ನೆಗೆಟಿವ್ ಬರಬಹುದು. ಬೇನೆಯೇ ಇಲ್ಲದವರಿಗೆ ಪಾಸಿಟಿವ್ ಬರುವುದೂ ಇದೆ. ಆಗ ಇ.ಎಸ್.ಆರ್., ಸಿ.ಆರ್.ಪಿ., ಆ್ಯಂಟಿ-ಸಿಸಿಪಿ ಪರೀಕ್ಷೆ ಬೇಕೇನು ಎಂದು ಕೇಳಬಹುದು. ಲೂಪಸ್ ಅನುಮಾನಕ್ಕೆ ಎ.ಎನ್.ಎ., ಜೊತೆಗೆ ಮೂತ್ರ ಪರೀಕ್ಷೆ.

ಕೇಳಿದರೆ ತಪ್ಪೇನು?

"ಇದು ಮತ್ತೇನಾದ್ರೂ ಇರಬಹುದೇನ್ರಿ?" "ಈ ಸೂಜಿ ಸ್ಟೀರಾಯ್ಡ್ ಏನ್ರಿ?" "ಸಂಧಿವಾತದ ಡಾಕ್ಟರಿಗೆ ಚೀಟಿ ಬರ್ದು ಕೊಡ್ತೀರೇನ್ರಿ?" ಇವು ಮೂರು ಕೇಳಲೇಬೇಕಾದ ಮಾತು. ಸ್ಟೀರಾಯ್ಡ್ ಬಿದ್ದರೆ ನೋವು ಜಾದೂ ಮಾಡಿದ ಹಾಗೆ ಮಾಯ, ರೋಗದ ಗುರುತೂ ಮಾಯ. ಬಹುದಿನ ತಿಂದವರು ದಿಢೀರನೆ ಬಿಡುವುದೂ ಅಪಾಯ. ಮೆಥೋಟ್ರೆಕ್ಸೇಟ್ ಬರೆದುಕೊಟ್ಟರಂತೂ ವಾರದ ಯಾವ ದಿನ ಎಂದು ಬರೆಸಿಕೊಳ್ಳಿ. ಸಂಧಿವಾತಕ್ಕೆ ಅದು ವಾರಕ್ಕೊಂದೇ ದಿನದ ಔಷಧ. ದಿನಾ ನುಂಗಿದರೆ ಜೀವಕ್ಕೇ ಎರವು. ಬಸುರಿಯರು, ಬಸುರಾಗಬೇಕೆಂದಿರುವವರು ಮೊದಲೇ ಹೇಳಬೇಕು.

ಎಲುಬಿನ ಡಾಕ್ಟರು ಬೇರೆ, ಸಂಧಿವಾತದ ರುಮಟಾಲಜಿ ಡಾಕ್ಟರು ಬೇರೆ. ಕಲಬುರಗಿಯ ಜಿಮ್ಸ್‌ನ ಮೆಡಿಸಿನ್ ವಿಭಾಗದಿಂದ ಶುರು ಮಾಡಬಹುದು. ಇ.ಎಸ್.ಐ. ಕಾರ್ಡಿದ್ದ ಕಾರ್ಖಾನೆ ಕಾರ್ಮಿಕರಿಗೆ ಕಲಬುರಗಿಯ ಸೇಡಂ ರಸ್ತೆಯಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ. ಹೈದರಾಬಾದಿನ ನಿಮ್ಸ್‌ನಲ್ಲಿ ಈ ಬೇನೆಗೆಂದೇ ಪ್ರತ್ಯೇಕ ವಿಭಾಗವಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಕಲಬುರಗಿಯವರೆಗೆ ಬಸ್ ಚಾರ್ಜಿನ ನೆಪವೂ ಉಳಿದಿಲ್ಲ.

ಕಾಗದ ಕೇಳುವುದು ಭಿಕ್ಷೆಯಲ್ಲ. ವೈದ್ಯರ ನಡತೆಯ 2002ರ ನಿಯಮದ ಪ್ರಕಾರ ರೋಗಿ ಕೇಳಿದರೆ 72 ತಾಸಿನೊಳಗೆ ದಾಖಲೆ ಕೊಡಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕಿನ ಸನ್ನದಿನಲ್ಲಿ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವ ಹಕ್ಕೂ ಇದೆ. ಇನ್ನೊಬ್ಬರನ್ನು ಕೇಳಿದರೆ ಮೊದಲಿನವರಿಗೆ ಅವಮಾನವಾಗುತ್ತದೆ ಎಂಬ ದಾಕ್ಷಿಣ್ಯ ಬೇಡ. ಎಮ್ಮೆ ಕೊಳ್ಳುವಾಗ ನಾಲ್ಕು ಮಂದಿಯನ್ನು ಕೇಳುವವರು ಮೈಯ ವಿಷಯಕ್ಕೆ ಇಬ್ಬರನ್ನು ಕೇಳಬಾರದೆ?

ಮುಂದಿನ ಸಲ ದವಾಖಾನೆಯಲ್ಲಿ "ಏನಾಗ್ಯಾದ?" ಎಂಬ ಪ್ರಶ್ನೆ ಬಂದಾಗ ಜೊತೆಗೆ ಬಂದವರು ತುಸು ಸುಮ್ಮನಿರಲಿ. ನೋವು ಯಾರದೋ ಅವರೇ ಹೇಳಲಿ.