ದೀರ್ಘಕಾಲದ ಆತಂಕ ಮತ್ತು ದಿನದ ಕಾಯಕ

ಚಿತೆಗೂ ಚಿಂತೆಗೂ ನಡುವೆ ಇರುವ ಅಂತರ ಒಂದು ಬಿಂದುವಷ್ಟೇ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಚಿಂತೆಯ ಕೇಡನ್ನು ತಿಳಿಸುವುದಕ್ಕೆ ಈ ಮಾತು ಸಾಕು. ಅದನ್ನು ನೀಗುವ ಬಗೆಯನ್ನು ಮಾತ್ರ ಇದು ತಿಳಿಸದು. ವರ್ಷಗಟ್ಟಲೆ ಆತಂಕದಲ್ಲಿ ಬೇಯುತ್ತಿರುವವನಿಗೆ ಇದನ್ನು ಹೇಳಿದರೆ, ಇದ್ದ ಚಿಂತೆಗಳ ಜೊತೆಗೆ 'ನಾನು ಚಿಂತಿಸುತ್ತಿದ್ದೇನಲ್ಲ' ಎಂಬ ಇನ್ನೊಂದು ಚಿಂತೆ ಸೇರಿಕೊಳ್ಳುತ್ತದೆ. ಆದುದರಿಂದ ಆತಂಕದ ಸ್ವರೂಪವೇನು, ಅದು ಇರುವಾಗಲೂ ನಿತ್ಯಜೀವನವನ್ನು ನಡೆಸುವುದು ಹೇಗೆ ಎಂಬುದನ್ನು ವಿಚಾರಿಸುವುದು ಉಚಿತ.

ಭಯ ಮತ್ತು ಆತಂಕ ಒಂದೇ ಅಲ್ಲ. ಹೊಲದ ಬದುವಿನಲ್ಲಿ ಹಾವನ್ನು ಕಂಡಾಗ ಹುಟ್ಟುವುದು ಭಯ. ಆಗ ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಲು ದೇಹ ಸಿದ್ಧವಾಗುತ್ತದೆ. ಹಾವು ಸರಿದುಹೋದ ಬಳಿಕ ಎಲ್ಲವೂ ಇಳಿಯುತ್ತದೆ. ಆತಂಕಕ್ಕೆ ಕಣ್ಣೆದುರಿನ ಹಾವು ಬೇಕಿಲ್ಲ. 'ಬಂದರೆ ಏನು ಗತಿ?' ಎಂಬ ಪ್ರಶ್ನೆಯೊಂದೇ ಸಾಕು. ಆ ಪ್ರಶ್ನೆ ಸರಿದುಹೋಗದ ಕಾರಣ ದೇಹದ ಸಿದ್ಧತೆಯೂ ಹಗಲಿರುಳು ನಡೆದೇ ಇರುತ್ತದೆ. ನಿದ್ರಾಹೀನತೆ, ಅಜೀರ್ಣ, ಕತ್ತು-ಬೆನ್ನುಗಳ ನೋವು, ಆಯಾಸ, ಸಣ್ಣ ಮಾತಿಗೂ ಸಿಡುಕು ಇದರ ಫಲಗಳು. ಹತೋಟಿಗೆ ಸಿಗದ ಚಿಂತೆ ಆರು ತಿಂಗಳು ಅಥವಾ ಹೆಚ್ಚು ಕಾಲ ಬಹುಪಾಲು ದಿನಗಳಲ್ಲಿ ಕಾಡಿ, ಇಂಥ ಲಕ್ಷಣಗಳೊಡನೆ ಬದುಕಿಗೆ ಅಡ್ಡಿಯಾದರೆ ವೈದ್ಯರು ಅದನ್ನು ವ್ಯಾಧಿಯೆಂದೇ ಪರಿಗಣಿಸುತ್ತಾರೆ. ಅದು ಹೇಡಿತನವಲ್ಲ, ಭಕ್ತಿಯ ಕೊರತೆಯೂ ಅಲ್ಲ.

ಭಾಲ್ಕಿಯ ಸುತ್ತಣ ಸೀಮೆಯ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಉದ್ದು, ಹೆಸರು, ತೊಗರಿ, ಸೋಯಾ ಬಿತ್ತುವಾಗ ಮಳೆ ಬಂದೀತೋ ಇಲ್ಲವೋ ಎಂಬ ಚಿಂತೆ. ಸೋಯಾ ಕೊಯ್ಲಿಗೆ ಬಂದಾಗ ಮಳೆ ನಿಂತೀತೋ ಇಲ್ಲವೋ ಎಂಬ ಚಿಂತೆ. ಸಾಲದ ಕಂತು, ಮಗಳ ಮದುವೆ, ಹೈದರಾಬಾದು-ಪುಣೆಗಳಿಗೆ ದುಡಿಯಲು ಹೋದ ಮಗನ ಯೋಗಕ್ಷೇಮ ಇವುಗಳ ಜೊತೆಗಿವೆ. ಇವು ಕಲ್ಪನೆಯ ಭೂತಗಳಲ್ಲ. ಆದಕಾರಣ 'ಚಿಂತೆ ಬಿಡು' ಎಂಬ ಉಪದೇಶ ಇಲ್ಲಿ ನಿಲ್ಲದು. ಆದರೆ ಚಿಂತೆಗಳನ್ನು ಎರಡಾಗಿ ವಿಂಗಡಿಸಬಹುದು. ಬೀಜ ಹೊಂದಿಸುವುದು, ಬೆಳೆವಿಮೆಯ ಕಂತನ್ನು ಅವಧಿಯೊಳಗೆ ಕಟ್ಟುವುದು, ಬ್ಯಾಂಕಿಗೆ ಹೋಗಿ ಸಾಲದ ಲೆಕ್ಕ ಕೇಳುವುದು ಕೈಕೆಲಸವುಳ್ಳ ಚಿಂತೆಗಳು. ಇವನ್ನು ಕಾಗದದ ಮೇಲೆ ಬರೆದು, ಒಂದೊಂದಕ್ಕೂ ಒಂದು ದಿನವನ್ನು ಗೊತ್ತುಮಾಡಬೇಕು. ಮೋಡದ ಚಿಂತೆಗೆ ಕೈಕೆಲಸವಿಲ್ಲ. ಅಂಥವುಗಳಿಗೆ ಸಂಜೆಯ ಅರ್ಧ ಗಂಟೆಯನ್ನು ಮೀಸಲಿಟ್ಟು, ಉಳಿದ ವೇಳೆಯಲ್ಲಿ ಬಂದಾಗ 'ಸಂಜೆಗೆ ನೋಡೋಣ' ಎಂದು ಮುಂದೂಡುವ ಅಭ್ಯಾಸವನ್ನು ಮನಶ್ಶಾಸ್ತ್ರಜ್ಞರು ಹೇಳಿಕೊಡುತ್ತಾರೆ. ಸಂಜೆಯ ಹೊತ್ತಿಗೆ ಅವುಗಳಲ್ಲಿ ಹಲವು ಬಲಗುಂದಿರುತ್ತವೆ.

ಆತಂಕಕ್ಕೆ ನೀರೆರೆಯುವ ರೂಢಿಗಳು ಮುಖ್ಯವಾಗಿ ಎರಡು. ಒಂದು, ತಪ್ಪಿಸಿಕೊಳ್ಳುವುದು. ಬ್ಯಾಂಕಿನ ನೋಟೀಸನ್ನು ಒಡೆಯದೆ ಮಾಡದಲ್ಲಿಟ್ಟವನಿಗೆ ಆ ದಿನ ಹಗುರವೆನಿಸುತ್ತದೆ. ಆದರೆ ಆ ಹಗುರವೇ, ಲಕೋಟೆಯೊಳಗೆ ನಿಜವಾಗಿಯೂ ಹಾವಿದೆ ಎಂದು ಮನಸ್ಸಿಗೆ ಪಾಠ ಕಲಿಸುತ್ತದೆ; ಮರುದಿನ ಅದನ್ನು ಒಡೆಯುವುದು ಇನ್ನೂ ಕಷ್ಟ. ಎರಡನೆಯದು, ಪದೇ ಪದೇ ಭರವಸೆ ಬೇಡುವುದು. ಊರಿಂದೂರಿಗೆ ಹೋದ ಮಗನಿಗೆ ದಿನಕ್ಕೆ ಹತ್ತು ಬಾರಿ ಫೋನು ಮಾಡಿದರೆ ಹನ್ನೊಂದನೆಯ ಬಾರಿಯ ಹಂಬಲ ಹೆಚ್ಚುತ್ತದೆಯೇ ಹೊರತು ತಣಿಯುವುದಿಲ್ಲ. ಅಂಜಿದ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸಮೀಪಿಸುವುದೇ ಇವೆರಡಕ್ಕೂ ಪರಿಹಾರ. ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಬಿಡುವುದು, ನಿತ್ಯ ನಡಿಗೆ, ಚಹದ ಮಿತಿ, ಮಲಗುವ-ಏಳುವ ವೇಳೆಯ ನಿಯಮ ದೇಹವನ್ನು ಶಾಂತಗೊಳಿಸಲು ನೆರವಾಗುತ್ತವೆ. ಮದ್ಯವಾದರೋ ರಾತ್ರಿ ಮರೆಸಿ ಬೆಳಗ್ಗೆ ಬಡ್ಡಿಸಹಿತ ಹಿಂದಿರುಗಿಸುತ್ತದೆ.

'ಮೊದಲು ಅಂಜಿಕೆ ಪೂರ್ತಿ ಹೋಗಲಿ, ಆಮೇಲೆ ಕೆಲಸ' ಎಂಬ ಕರಾರು ಅನೇಕರನ್ನು ಕಟ್ಟಿಹಾಕಿದೆ. ಇದಕ್ಕೆ ಉತ್ತರವಾಗಿ ನಮ್ಮ ನೆಲದ್ದೇ ಒಂದು ನಿದರ್ಶನವನ್ನು ನೆನೆಯಬಹುದು. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿಗೆ ಅಧಿಕಾರವಿದ್ದ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಆ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರಿನಲ್ಲಿ; ಬೀದರ ಕನ್ನಡ ನಾಡಿನೊಂದಿಗೆ ಕೂಡಿದ್ದು 1956ರಲ್ಲಿ. ಮಕ್ಕಳ ಪಾಠ ಆ ದಿನಗಳಿಗಾಗಿ ಕಾಯಲಿಲ್ಲ. ಕಾಲ ನಿರ್ಭಯವಾಗುವ ಮೊದಲೇ ದಿನದ ಕಾಯಕ ನಡೆಯಬಲ್ಲದು. ಮನಸ್ಸಿನ ವಿಷಯದಲ್ಲಿಯೂ ಹಾಗೆಯೇ.

ಇಷ್ಟರಿಂದ ಶಮನವಾಗದಿದ್ದರೆ ವೈದ್ಯರ ಬಳಿಗೆ ಹೋಗುವುದೂ ಕಾಯಕದ ಒಂದು ಭಾಗವೇ. ಥೈರಾಯಿಡ್ ಗ್ರಂಥಿಯ ದೋಷದಿಂದಲೂ ಇಂಥ ಲಕ್ಷಣಗಳು ತೋರುವುದರಿಂದ ದೇಹಪರೀಕ್ಷೆ ಅಗತ್ಯ. ಮಾತಿನ ಚಿಕಿತ್ಸೆಯೂ ಔಷಧಿಯೂ ಫಲಕಾರಿ. ಆದರೆ ಔಷಧಿಯ ಗುಣ ಕಾಣಲು ಕೆಲವು ವಾರಗಳು ಬೇಕು. ಅಂಗಡಿಯಿಂದ ತಾವಾಗಿಯೇ ನಿದ್ರೆಮಾತ್ರೆ ಕೊಂಡು ನುಂಗುವುದು ಚಟಕ್ಕೆ ದಾರಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಾನಸಿಕ ವ್ಯಾಧಿಗಳುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು, ಸ್ಥಳೀಯ ಆರೋಗ್ಯ ಕೇಂದ್ರಗಳ ವೈದ್ಯರೇ ತರಬೇತಿ ಪಡೆದು ಇಂಥ ರೋಗಿಗಳನ್ನು ಉಪಚರಿಸಬಲ್ಲರೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಹಗಲಿರುಳೂ ಕರೆಯಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಮನೆಮಂದಿಯ ಹೊಣೆಯೂ ಇಲ್ಲಿದೆ. ಗುರುಹಿರಿಯರ ಸಾಂತ್ವನಕ್ಕೂ ವೈದ್ಯರ ಚಿಕಿತ್ಸೆಗೂ ವಿರೋಧವಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ತಡೆಯಬಾರದು. ಬಳಲುವವನನ್ನು ಹೀಯಾಳಿಸದೆ, ಅವನ ಕೆಲಸಗಳನ್ನೆಲ್ಲ ತಾವೇ ಕಿತ್ತುಕೊಳ್ಳದೆ, ಜೊತೆಯಲ್ಲಿ ನಡೆಯಬೇಕು. ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ಹಗುರವಾಗಿ ಎಣಿಸದೆ, ಅವನನ್ನು ಒಬ್ಬನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.