ಹೊಣೆಗೊಂದು ಹೆಸರಿರಲಿ

ಹತ್ತು ಜನರಿರುವ ಕಂಪನಿಯಲ್ಲಿ ಯಾವ ಕೆಲಸ ಯಾರದೆಂದು ಕೇಳಬೇಕಾಗಿಲ್ಲ. ಜನ ಇನ್ನೂರಾದಾಗ ‘ಎಲ್ಲರ ಹೊಣೆ’ ಎಂಬುದು ಯಾರ ಹೊಣೆಯೂ ಅಲ್ಲವೆಂದಾಗಿಬಿಡುತ್ತದೆ.

ಬೆಂಗಳೂರಿನ ವಿಪ್ರೊ ಕಂಪನಿಯನ್ನೇ ನೋಡಿ. ತನ್ನ ಐ.ಟಿ. ವ್ಯವಹಾರಕ್ಕೆ 2008ರಲ್ಲಿ ಗಿರೀಶ್ ಪರಾಂಜಪೆ, ಸುರೇಶ್ ವಾಸ್ವಾನಿ ಅವರನ್ನು ಜಂಟಿ ಸಿಇಒಗಳನ್ನಾಗಿ ನೇಮಿಸಿತು. 2011ರ ಜನವರಿಯಲ್ಲಿ ಆ ಏರ್ಪಾಡನ್ನೇ ಕೈಬಿಟ್ಟು ಟಿ.ಕೆ. ಕುರಿಯನ್ ಒಬ್ಬರನ್ನೇ ಆ ಸ್ಥಾನಕ್ಕೆ ಆರಿಸಿತು. ಆರ್ಥಿಕ ಬಿಕ್ಕಟ್ಟಿನಲ್ಲಿ ಜಂಟಿ ನಾಯಕತ್ವ ನೆರವಾಯಿತು, ಬದಲಾದ ಸನ್ನಿವೇಶಕ್ಕೆ ಸರಳ ರಚನೆ ಬೇಕು ಎಂಬುದು ಕಂಪನಿ ನೀಡಿದ ಕಾರಣ. ಇಬ್ಬರೂ ಸಮರ್ಥರೇ; ತೊಡಕು ಏರ್ಪಾಡಿನದೆಂದೇ ನನ್ನ ಭಾವನೆ.

ಹೊಣೆ ಮಸುಕಾದಾಗ ಪೆಟ್ಟು ಬೀಳುವುದು ಕೆಳಗಿನವರಿಗೆ. ನಾನು ಹಿಂದೆ ದುಡಿಯುತ್ತಿದ್ದ ಸಂಸ್ಥೆಯೊಂದರಲ್ಲಿ ಗ್ರಾಹಕರಿಗೆ ಸರಕು ತಡವಾಗಿ ತಲುಪಿದಾಗ ಮೂವರು ವ್ಯವಸ್ಥಾಪಕರು ತಪ್ಪನ್ನು ಒಬ್ಬರ ಮೇಲೊಬ್ಬರು ಹೊರಿಸಿದರು. ಕೆಲಸ ಕಳೆದುಕೊಂಡವನು ಮಾತ್ರ ಕಿರಿಯ ಗುಮಾಸ್ತ.

ಹಾಗಾದರೆ ಸರ್ವಾಧಿಕಾರವನ್ನೂ ಒಬ್ಬರಿಗೇ ಒಪ್ಪಿಸಬೇಕೆ? ಖಂಡಿತ ಅಲ್ಲ. ಸಲಹೆಗೆ ಹತ್ತು ಜನರಿರಲಿ. ಪ್ರತಿ ನಿರ್ಧಾರದ ಮುಂದೆ ಒಂದೇ ಹೆಸರಿರಲಿ. ಹಣ, ಸಿಬ್ಬಂದಿಯ ಬಗ್ಗೆ ತೀರ್ಮಾನಿಸುವ ಅಧಿಕಾರವೂ ಅವರಿಗಿರಲಿ, ಅದು ಲಿಖಿತವಾಗಿಯೂ ಇರಲಿ. ಅಧಿಕಾರವಿಲ್ಲದೆ ಹೊಣೆ ಹೊರಿಸುವುದೆಂದರೆ ಮತ್ತೊಬ್ಬ ಗುಮಾಸ್ತನನ್ನು ಹುಡುಕಿದಂತೆಯೇ ಸರಿ.