ಅಂಕಪಟ್ಟಿಯಲ್ಲಿಲ್ಲದ ವಿದ್ಯೆ

ಸುರತ್ಕಲ್ಲಿನ ಕಡಲತಡಿಯಲ್ಲಿ ಸಂಜೆ ದೀಪಸ್ತಂಭ ಬೆಳಗತೊಡಗಿದಾಗ, ಮರಳಿನ ಮೇಲೆ ಕುಳಿತು ಹರಟುವ ತರುಣರನ್ನು ನೋಡಬೇಕು. ಇವರಿಗೆ ಮಾತು ಕಲಿಸಬೇಕೆಂದರೆ ಯಾರೂ ನಂಬಲಾರರು! ಶ್ರೀನಿವಾಸ ಮಲ್ಯರ ಪರಿಶ್ರಮದಿಂದ 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ, 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೆನಿಸಿದ ಇಲ್ಲಿನ ವಿದ್ಯಾಲಯಕ್ಕೆ ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳ ಈ ನೆಲದಲ್ಲಿ ಅವರ ನುಡಿಗಳೂ ಬೆರೆತು ಕಿವಿಗೆ ಬೀಳುತ್ತವೆ.

ಆದರೆ ಎಲ್ಲಿಯ ವಿದ್ಯಾರ್ಥಿಯೇ ಆಗಲಿ, ಸಂದರ್ಶನದ ಮೇಜಿನೆದುರು ಕುಳಿತೊಡನೆ ನಾಲಿಗೆ ಕಟ್ಟಿದಂತಾಗುವುದು ಅಪರೂಪವಲ್ಲ. ಆದುದರಿಂದಲೇ ಇಂದು ವಿಶ್ವವಿದ್ಯಾಲಯಗಳು ಪತ್ರಲೇಖನ, ಗುಂಪುಚರ್ಚೆ, ಸಭಾಮರ್ಯಾದೆಗಳನ್ನು ಕಲಿಸುವ ಕಾರ್ಯಾಗಾರಗಳನ್ನು ಏರ್ಪಡಿಸುತ್ತವೆ.

ಅಂತಹ ಒಂದು ಕಾರ್ಯಾಗಾರದಲ್ಲಿ ನಾನು ಅಣಕು ಸಂದರ್ಶನ ನಡೆಸುತ್ತಿದ್ದೆ. ಉತ್ತಮ ಅಂಕ ಪಡೆದ ಹುಡುಗನೊಬ್ಬ ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯಗಳನ್ನೊಪ್ಪಿಸಿ, ತಲೆ ತಗ್ಗಿಸಿ ಸುಮ್ಮನಾದ. ಊರಿನ ತಾಳಮದ್ದಳೆಯಲ್ಲಿ ಅವನು ಅರ್ಥ ಹೇಳುತ್ತಾನೆಂದು ಆಮೇಲೆ ತಿಳಿಯಿತು.

“ಅಲ್ಲಿ ಹೆದರಿಕೆಯಾಗುವುದಿಲ್ಲವೇ?” ಎಂದೆ.

“ಅಲ್ಲಿ ಎದುರಿನವರು ಹೇಳಿದ್ದನ್ನು ಕೇಳಬೇಕಲ್ಲ ಸಾರ್? ಹೆದರಲಿಕ್ಕೆ ಪುರುಸೊತ್ತೆಲ್ಲಿ!”

ನಾನು ಬೆರಗಾದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದೊಡನೆ ಅರ್ಥಧಾರಿಗಳು ಎದುರುಬದುರು ಕುಳಿತು ಆಶುವಾಗಿ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದು ಈ ಕಲೆಯಲ್ಲಿಯೇ. ಕೇಳದವನಿಗೆ ಇಲ್ಲಿ ಉತ್ತರ ಹೊಳೆಯದು; ಹದ ಮೀರಿದವನನ್ನು ಸಭೆ ಮೆಚ್ಚದು.

ಮರುದಿನ ನಾನು ಪಾಠವನ್ನೇ ಬದಲಿಸಿದೆ. ಪ್ರಶ್ನೆಯನ್ನು ಪೂರ್ತಿ ಕೇಳಿ, ಅದರ ಆಶಯವನ್ನು ಮನಸ್ಸಿನಲ್ಲಿ ತಿರುವಿಕೊಂಡ ಬಳಿಕವೇ ಉತ್ತರಿಸಬೇಕು. ತಿಳಿಯದುದನ್ನು ತಿಳಿಯದೆಂದೇ ಒಪ್ಪಿಕೊಳ್ಳಬೇಕು. ಅರ್ಜಿಯ ಮೊದಲ ವಾಕ್ಯದಲ್ಲಿಯೇ ಉದ್ದೇಶ ಕಾಣಬೇಕು. ಬಾಗಿಲ ಬಳಿಯ ಜವಾನನಿಗೂ ಅಧಿಕಾರಿಗೂ ಒಂದೇ ಸೌಜನ್ಯ ಸಲ್ಲಬೇಕು. ಆ ಹುಡುಗ ತಡವರಿಸುತ್ತಲೇ, ಆದರೆ ತನ್ನದೇ ಮಾತಿನಲ್ಲಿ ಉತ್ತರಿಸಿದ.

ಅವನಿಗೆ ಕೆಲಸ ಸಿಕ್ಕಿತೇ ಎಂದು ಓದುಗರು ಕೇಳಬಹುದು. ಮೊದಲನೆಯ ಸಂದರ್ಶನದಲ್ಲಿ ಸಿಗಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು.

ಶಿಷ್ಟಾಚಾರವೆಂದರೆ ಟೈ ಕಟ್ಟುವುದೂ ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದೂ ಮಾತ್ರವೆಂದು ನಮ್ಮಲ್ಲಿ ಹಲವರ ಭಾವನೆ. ಬಂದವರಿಗೆ ಮೊದಲು ಬೆಲ್ಲ-ನೀರು ಕೊಟ್ಟು ಆಮೇಲೆ ವಿಷಯ ವಿಚಾರಿಸುವ, ಹಿರಿಯರನ್ನು ‘ಈರ್’ ಎಂದು ತುಳುವಿನಲ್ಲಿ ಗೌರವದಿಂದ ಕರೆಯುವ ಈ ಜಿಲ್ಲೆಯ ಮನೆಗಳು ಅದನ್ನು ಎಂದೋ ಅರಿತಿದ್ದವು. ಕಾರ್ಯಾಗಾರ ಮೂರು ದಿನಗಳಲ್ಲಿ ಮುಗಿಯುತ್ತದೆ. ಮನೆಯ ಪಾಠ ಮುಗಿಯುವುದಿಲ್ಲ. ರಾತ್ರಿಯ ಊಟದ ಹೊತ್ತಿನಲ್ಲಿ ಮಗನೋ ಮಗಳೋ ಏನನ್ನಾದರೂ ಹೇಳತೊಡಗಿದರೆ, ಅರ್ಧಕ್ಕೆ ತಡೆಯದೆ ಕೇಳಿರಿ. ತನ್ನ ಮಾತನ್ನು ಕೇಳುವವರಿದ್ದಾರೆಂಬ ಧೈರ್ಯ ಮನೆಯಲ್ಲಿ ದೊರೆತ ಮಗು, ನಾಳೆ ಯಾವ ಮೇಜಿನೆದುರಿಗೂ ಮೂಕನಾಗದು.